ಬೋಸಯ್ಯ ಕರೆದ ಜಿಂಕೆ

ಒಂದೂರಿತ್ತಂತೆ. ಊರಿನ ಹೆಸರು ಕೇಳಬೇಡಿ, ಹೂಂ ಅನ್ನಿ ಸಾಕು. ಹೂಂ ಅನ್ನದೋರಿಗೆ ನಾನು ಕಥೆ ಹೇಳಲ್ಲ.

ಆ ಊರಲ್ಲಿ ಬೋಸಯ್ಯ ಅಂತ ಒಬ್ಬ ಬೇಟೆಗಾರ. ಗೌಜಲಿನಂಗೆ ಕೂಗಿದ್ರೆ ಗೌಜಲು ಬರೋದು, ನವಿಲಿನಂಗೆ ಕೂಗಿದ್ರೆ ನವಿಲು ಬರೋದು. ಆದ್ರೆ ಅವನಪ್ಪ ಸಾಯೋವಾಗ ಒಂದು ಮಾತು ಹೇಳಿದ್ದನಂತೆ: "ಮಗಾ, ಯಾವ ಕೂಗು ಬೇಕಾದ್ರೂ ಕೂಗು, ಮರಿ ಕೂಗು ಮಾತ್ರ ಕೂಗಬೇಡ."

ಹಿಂಗಿರೋವಾಗ ಅವನ ಹೆಂಡ್ತಿ ಮಾರಕ್ಕ ಹೆಣ್ಣುಮಗು ಹೆತ್ತಳು. ಹೆತ್ತಳು, ಎದೇಲಿ ಒಂದು ತೊಟ್ಟು ಹಾಲಿಲ್ಲ! ಊರ ದನಕ್ಕೆಲ್ಲ ಕಾಲುಬಾಯಿ ಜ್ವರ, ಹಸುವಿನ ಹಾಲೂ ಇಲ್ಲ. ಒಂದು ದಿನ ಆಯ್ತು, ಎರಡು ದಿನ ಆಯ್ತು, ಮೂರನೇ ದಿನ ಮಗು ಅಳೋದನ್ನೂ ಬಿಡ್ತು.

ಸೂಲಗಿತ್ತಿ ತಿಪ್ಪಜ್ಜಿ ಅಂದಳು, "ಜಿಂಕೆ ಬಾಡಿನ ಎಸರು ಕುಡಿಸೋ ಮಗಾ, ಹಾಲು ಇಳೀತದೆ. ನನ್ನ ಹುರುಳಿ ಹೊಲಾನ ದಿನಾ ಒಂದು ಜಿಂಕೆ ಮೇಯ್ತದೆ. ಆ ಪೀಡೆನೂ ತೊಲಗ್ತದೆ."

ಬೆಳಗ್ಗೆ ಬೋಸಯ್ಯ ಬಿಲ್ಲು ಹಿಡಿದು ಹೊಲದ ಬದುವಿನ ಮರೇಲಿ ಕೂತ. ಗಂಡು ಜಿಂಕೆ ಕೂಗು ಕೂಗಿದ, ಬರಲಿಲ್ಲ. ಹೆಣ್ಣು ಜಿಂಕೆ ಕೂಗು ಕೂಗಿದ, ಬರಲಿಲ್ಲ. ಮಗು ನೆನಪಾಯ್ತು. ಹುಲ್ಲೆಸಳನ್ನ ಎರಡು ಹೆಬ್ಬೆರಳ ನಡುವೆ ಇಟ್ಟು ಮರಿ ಕೂಗು ಕೂಗೇಬಿಟ್ಟ.

ಓಡಿ ಬಂತಲ್ಲ ಜಿಂಕೆ! ಎದುರಿಗೇ ನಿಂತ್ಕೊಂತು. ಬಿಲ್ಲು ನೋಡ್ತು, ಓಡಲಿಲ್ಲ.

"ಅಣ್ಣಾ, ನನ್ನ ಮರೀನ ನಿನ್ನೆ ತೋಳ ತಿಂತು. ಇದು ಸುಳ್ಳು ಕೂಗು ಅಂತ ಗೊತ್ತಿತ್ತು. ಕಾಲು ಕೇಳಲಿಲ್ಲ, ಬಂದೆ" ಅಂತಂತೆ.

ಬೋಸಯ್ಯ ಬಿಲ್ಲು ಕೆಳಗಿಳಿಸಿದ. "ನನ್ನ ಮಗು ಹಾಲಿಲ್ದೆ ಸಾಯ್ತಾ ಐತೆ ತಾಯಿ. ಅದಕ್ಕೇ ಕರೆದೆ."

"ಹಂಗಾದ್ರೆ ಕರಿ."

"ಕರೆದಾಯ್ತು, ನೀನು ಬಂದೂ ಆಯ್ತು. ಇನ್ನೇನು ಕರೀಲಿ?"

"ಅಯ್ಯೋ ಮಂಕೇ, ಹಾಲು ಕರಿಯೋ! ಕೆಚ್ಚಲು ಬಿಗಿದು ನೋಯ್ತಾ ಐತೆ."

ನೋಡಿ, ಕಾಡಿನ ಕೂಗೆಲ್ಲ ಕಲಿತವನಿಗೆ ಮನೆ ಮಾತೊಂದು ತಿಳೀಲಿಲ್ಲ! ಬಿಲ್ಲು ಬಿಸಾಕಿದ, ಮುತ್ತುಗದೆಲೇಲಿ ದೊನ್ನೆ ಮಾಡಿದ, ಅಳ್ತಾ ಅಳ್ತಾ ಕರೆದನಂತೆ.

ಮಗು ಕುಡೀತು. ಕುಡಿದು ಇಡೀ ಕೇರಿಗೆ ಕೇಳೋ ಹಂಗೆ ಅತ್ತಿತು. ಮಾರಕ್ಕನಿಗೆ ಹಾಲು ಇಳಿಯೋವರೆಗೂ ಜಿಂಕೆ ದಿನಾ ಬೆಳಗ್ಗೆ ಬದುವಿಗೆ ಬರ್ತಿತ್ತಂತೆ, ಯಾರೂ ಕೂಗದೇನೇ.

ಹುರುಳಿ ಕೀಳೋವಾಗ ತಿಪ್ಪಜ್ಜಿ ಬದುವಿನ ಪಕ್ಕ ಒಂದು ಸಾಲು ಹಂಗೇ ಬಿಟ್ಟಳು.

"ಯಾಕಜ್ಜಿ, ಆ ಪೀಡೆಗಾ?" ಅಂದ ಬೋಸಯ್ಯ.

"ಬಾಯಿ ಮುಚ್ಚೋ! ಇದು ಬಾಣಂತಿ ಸಾಲು. ಅವಳೂ ಹೆತ್ತೋಳೇ ಅಲ್ವೇನೋ?"

ಅವರು ಅಲ್ಲಿ ಹಾಲು ಕುಡ್ಕೊಂಡು ತಣ್ಣಗಿದ್ರು, ನಾವಿಲ್ಲಿ ಹೂಂ ಅನ್ಕೊಂಡು ಬೆಚ್ಚಗಿದ್ದೀವಿ.