ಅಟ್ಟದ ಮೇಲಿನ ಕುಂಬಳ

ನನ್ನ ಹಳೆಯ ದಿನಚರಿಯಲ್ಲಿ ೧೯೬೯ರ ನವೆಂಬರ್ ೨೪ರ ಪುಟ ನನ್ನದೇ ಪ್ರಶ್ನೆಯಿಂದ ಶುರುವಾಗುತ್ತದೆ: “ಹಿರಿಯರು ನಡೆಸಿಕೊಂಡು ಬಂದ ಪದ್ಧತಿಯನ್ನು ಮುರಿದು ಒಬ್ಬರು ಗೆಲ್ಲಬಹುದೇ?” ಬಿ.ಎ. ಮುಗಿಸಿ, ಮದುವೆಯಾಗಿ ಬಂದ ಮೊದಲ ವರ್ಷ ಅದು. ಹುತ್ತರಿ ಹಬ್ಬದ ಮರುದಿನ ಗುರುಗಳಾದ ಉತ್ತಯ್ಯನವರಿಗೆ ನಮಸ್ಕರಿಸಲು ಹೋದಾಗ ಹಾಗೆ ಕೇಳಿದೆ. ಉತ್ತರವಾಗಿ ಅವರು ಹೇಳಿದ ಕತೆಯನ್ನು ಅಂದೇ ಬರೆದಿಟ್ಟೆ. ಒಂದು ಮಾತನ್ನೂ ಬದಲಿಸಿಲ್ಲ.

ಒಬ್ಬ ರೈತನ ಹಿತ್ತಿಲಲ್ಲಿ ಕುಂಬಳ ಬೆಳೆಯುತ್ತಿತ್ತು. ಪ್ರತಿ ವರ್ಷ ಎಲ್ಲಕ್ಕಿಂತ ಒಳ್ಳೆಯ ಕಾಯಿಯನ್ನು ಬೀಜಕ್ಕೆಂದು ಅಟ್ಟದ ಮೇಲೆ ಇಡುವುದು ಆ ಮನೆಯ ಪದ್ಧತಿ. ಮುಂದಿನ ಮಳೆಯವರೆಗೆ ಅದಕ್ಕೆ ಕತ್ತಿ ತಾಗಿಸುವಂತಿರಲಿಲ್ಲ. ಅಷ್ಟರಲ್ಲಿ ತಿರುಳು ಕೊಳೆತಿರುತ್ತಿತ್ತು. ಬೀಜ ತೆಗೆದುಕೊಂಡು ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು.

ಹಬ್ಬಕ್ಕೆ ಕುಡಿಯಲು ಏನಾದರೂ ತಯಾರಿಸುವುದು ಮನೆಯ ಹೊಸ ಸೊಸೆಯ ಕೆಲಸ. ನೆಂಟರೆಲ್ಲ ಸೇರಿದಾಗ ಮೊದಲ ಲೋಟ ಮಾವನಿಗೆ. ಅವನು ಕುಡಿದು ಲೋಟವನ್ನು ಮತ್ತೆ ಚಾಚಿದರೆ ಎಲ್ಲರೂ ಕುಡಿಯುತ್ತಿದ್ದರು. ಕವುಚಿ ಇಟ್ಟರೆ ಭರಣಿಯಲ್ಲಿದ್ದದ್ದನ್ನು ಹಿತ್ತಿಲಿಗೆ ಸುರಿಯುತ್ತಿದ್ದರು. ಆ ಸೊಸೆ ಮತ್ತೆಂದೂ ಹಬ್ಬದ ಅಡುಗೆಗೆ ಕೈ ಹಾಕುವಂತಿರಲಿಲ್ಲ.

ಒಂದು ವರ್ಷ ಬಂದ ಸೊಸೆ ಕುಂಬಳದ ಬಿಯರ್ ಮಾಡಲು ಹೊರಟಳು. ಮೊಳಕೆ ಬರಿಸಿ ಒಣಗಿಸಿದ ರಾಗಿಯೊಡನೆ ಕುಂಬಳವನ್ನು ಬೇಯಿಸಿ, ಹುದುಗಲು ಇಟ್ಟಳು. ಸಪ್ಪೆಯಾಯಿತು. ಬೇರೆ ಕಾಯಿ ಕೊಯ್ದಳು. ಅದೂ ಸಪ್ಪೆ. ಕೊನೆಗೆ ಅಟ್ಟ ಹತ್ತಿದಳು.

ಹಬ್ಬದ ದಿನ ಭರಣಿ ಹೊರಗೆ ಬಂತು. ಒಬ್ಬ ನೆಂಟ ನಕ್ಕ. “ಕುಂಬಳದ ಬಿಯರಂತೆ! ಇದನ್ನು ಕುಡಿಯುವುದೋ, ಕಡುಬಿನ ಜೊತೆ ನೆಂಚಿಕೊಳ್ಳುವುದೋ, ಮಾರಾಯ್ತಿ?”

ಮಾವ ಕುಡಿದ. ಲೋಟ ಖಾಲಿಯಾಯಿತು. ಅವನು ಅದನ್ನು ಚಾಚಲೂ ಇಲ್ಲ, ಕವುಚಲೂ ಇಲ್ಲ.

“ಇದು ಯಾವ ಕಾಯಿ?” ಎಂದು ಕೇಳಿದ.

“ಅಟ್ಟದ್ದು, ಮಾವ.”

ಅತ್ತೆ ಎದ್ದು ನಿಂತಳು. “ಬೀಜದ ಕಾಯಿಯನ್ನೇ ಕೊಯ್ದೆಯಾ? ಬರುವ ಮಳೆಗೆ ಏನು ಬಿತ್ತಲಿ, ನಿನ್ನ ಬಿಯರನ್ನೇ?”

ಮಾವನ ಕೈಯಲ್ಲಿ ಲೋಟ ಕವುಚುವತ್ತ ತಿರುಗತೊಡಗಿತು.

ಸೊಸೆ ಹೊರಗೆ ಓಡಿದಳು. ಹಟ್ಟಿಯ ಗೋಡೆಗೆ ತಟ್ಟಿದ್ದ ಬೆರಣಿಯೊಂದನ್ನು ಕಿತ್ತು ತಂದು ಅವನ ಮುಂದೆ ಮುರಿದಳು. ಒಣಗಿದ ಸಗಣಿಯೊಳಗೆ ಕುಂಬಳದ ಬೀಜಗಳು ಒಂದೂ ಹಾಳಾಗದೆ ಬೆಳ್ಳಗೆ ಕುಳಿತಿದ್ದವು.

“ನನ್ನ ತವರಿನಲ್ಲಿ ಬೀಜವನ್ನು ಹೀಗೆ ಕಾಯುತ್ತೇವೆ,” ಎಂದಳು. “ಕಾಯಿಯನ್ನು ಅಟ್ಟಕ್ಕೆ ಏರಿಸಿದ್ದು ಬೀಜಕ್ಕಾಗಿ ತಾನೇ ಮಾವ? ಬೀಜ ಇಲ್ಲಿದೆ. ತಿರುಳು ನಿಮ್ಮ ಹೊಟ್ಟೆಯಲ್ಲಿದೆ.”

ಮಾವ ಒಂದು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿದ. ಗಟ್ಟಿಯಾಗಿತ್ತು.

“ನನ್ನ ಅಪ್ಪ ಈ ಕಾಯಿಯ ರುಚಿ ನೋಡದೆಯೇ ಹೋದ. ನಾನೂ ಹಾಗೆಯೇ ಹೋಗುತ್ತಿದ್ದೆ. ಸುರಿ!” ಎಂದು ಲೋಟ ಚಾಚಿದ.

ಮನೆಯೆಲ್ಲ ಕೇಕೆ ಹಾಕಿತು. ಗೇಲಿ ಮಾಡಿದ ನೆಂಟನೇ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ. ಭರಣಿಯ ತಳಕ್ಕೆ ಸೌಟು ತಾಗಿ ಸದ್ದಾಗುವವರೆಗೆ ಯಾರೂ ಜಾಗ ಬಿಟ್ಟು ಏಳಲಿಲ್ಲ. ಅತ್ತೆ ಕೇಳಿದ ಎರಡನೇ ಲೋಟಕ್ಕೆ ಬಿಯರ್ ಉಳಿದಿರಲಿಲ್ಲ. ಮಳೆ ಬಂದ ಮೇಲೆ ಆ ಬೀಜಗಳನ್ನು ಬಿತ್ತಿದವಳು ಅತ್ತೆಯೇ. ಎಲ್ಲವೂ ಮೊಳೆತವು. ಬಳ್ಳಿ ಗೋಡೆ ಹತ್ತಿ ಹಟ್ಟಿಯ ಮಾಡನ್ನೆಲ್ಲ ಮುಚ್ಚಿತು.

ಗುರುಗಳು ಕತೆ ನಿಲ್ಲಿಸಿದರು. ನನಗೆ ನಾನೇ ಗೆದ್ದಷ್ಟು ಸಂತೋಷವಾಗಿತ್ತು.

“ಹಾಗಾದರೆ ಆ ಗೆಲುವಿಗಾಗಿ ಮನೆಯವರು ಏನನ್ನೂ ಕಳೆದುಕೊಳ್ಳಲಿಲ್ಲ,” ಎಂದೆ.

ಗುರುಗಳು ಹೇಳಿದರು: “ಕಳೆದುಕೊಂಡರು, ಅಂದಿನಿಂದ ಅಟ್ಟದ ಕಾಯಿಯೊಂದನ್ನು ಬಿಟ್ಟು ಆ ಬಳ್ಳಿಯ ಉಳಿದ ಕಾಯಿಗಳು ಆ ಮನೆಯಲ್ಲಿ ಯಾರಿಗೂ ರುಚಿಸಲಿಲ್ಲ.”