ಕಾಲು ಆರುವ ತನಕ

ಹೊಳೆ ದಂಡೆಯ ಆ ಮಠಕ್ಕೆ ಜನ ಬರುತ್ತಿದ್ದುದು ದೇವರಿಗಿಂತ ಹೆಚ್ಚಾಗಿ ಬೆಳೆಗಾಗಿ. ಬಾಡಿದ ಎಲೆಯನ್ನೋ ಹುಳ ಕೊರೆದ ಕಾಯಿಯನ್ನೋ ಹಿಡಿದುಕೊಂಡು ಬರುತ್ತಿದ್ದರು.

ಬಂದವರು ಹೊಳೆಯಲ್ಲಿ ಕಾಲು ತೊಳೆದು ಕಟ್ಟೆಯ ಮೇಲೆ ಕೂರಬೇಕು. ಕಾಲಿನ ನೀರು ಆರುವ ತನಕ ಗುರುಗಳು ತುಟಿ ಬಿಚ್ಚುತ್ತಿರಲಿಲ್ಲ. ಕಟ್ಟೆ ಕೆಸರಾಗದಿರಲಿ ಅಂತ ಈ ಪದ್ಧತಿ ಎಂದುಕೊಂಡಿದ್ದ ಶಿಷ್ಯ ಶಂಭುಲಿಂಗ.

ಅವನೇ ಒಮ್ಮೆ ಕೇಳಿದ, "ಅಜ್ಜಾರ, ಪಾಪ, ಅಷ್ಟು ದೂರದಿಂದ ಯಾಕ ನಡದು ಬರಬೇಕು ಅವರು? ಎಲಿ ಫೋಟೋ ತಗದು ಫೋನಿಗೆ ಕಳಸಲಿ. ಕೂತಲ್ಲೇ ಉತ್ತರ ಕೊಡ್ತೀನಿ."

"ಛಲೋ ಆತು, ಮಾಡು," ಎಂದರು ಗುರುಗಳು.

ಕಟ್ಟೆ ಖಾಲಿಯಾಯಿತು, ಫೋನು ತುಂಬಿತು. ಬೆಳಗಿನ ಪೂಜೆಗೆ ಕೂತರೂ ಟಣ್ ಎನ್ನುತ್ತಿತ್ತು, ಊಟಕ್ಕೆ ಕೂತರೂ ಟಣ್ ಎನ್ನುತ್ತಿತ್ತು. ಶಂಭುಲಿಂಗ ತುತ್ತು ನುಂಗುತ್ತಲೇ ಉತ್ತರ ಒತ್ತುತ್ತಿದ್ದ. ಕಣ್ಣು ಮುಚ್ಚಿದರೂ ಎಲೆಗಳೇ ಕಾಣುತ್ತಿದ್ದವು. ಉಪಕಾರ ಮಾಡಿ ಮಾಡಿ ಇಷ್ಟು ಸುಸ್ತಾಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಫಕೀರವ್ವ ಬಂದಳು. ಕೈಯಲ್ಲಿ ಬೇರುಸಮೇತ ಕಿತ್ತ ಮೆಣಸಿನ ಗಿಡ. ಎಲೆಗಳೆಲ್ಲ ಮುದುಡಿ ಹೋಗಿದ್ದವು.

"ಫೋನಿನ್ಯಾಗ ಮುಟುರು ರೋಗ, ಹುಳದ ಎಣ್ಣಿ ಹೊಡಿ ಅಂದ್ರಿ. ಹೊಡದೆ. ಇನ್ನಷ್ಟು ಮುದುಡಿದುವು. ವರ್ಷದ ಬೆಳಿ ಅಜ್ಜಾರ, ಅದೊಂದೇ ಹೊಲ ನಂದು."

ಅವಳು ಕಳಿಸಿದ್ದ ಎಲೆಯ ಫೋಟೋ ಶಂಭುಲಿಂಗನಿಗೆ ನೆನಪಿತ್ತು; ಉತ್ತರ ಒತ್ತಿದವನು ಅವನೇ.

"ಕಾಲು ತೊಳ್ಕೊಂಡು ಬಾ ಯವ್ವಾ," ಎಂದರು ಗುರುಗಳು.

ಅವಳು ತೊಳೆದು ಬಂದು ಕೂತಳು. ಗುರುಗಳು ಹೊಳೆ ನೋಡುತ್ತ ಕೂತರು. ಸುಮ್ಮನೆ ಕೂತು ಬೇಸರವಾಗಿ ಅವಳೇ ಶುರು ಮಾಡಿದಳು. ಮಗಳ ಬಾಣಂತನದ ಸುದ್ದಿ ಹೇಳಿದಳು. ಎಮ್ಮೆ ಹಾಲು ಬತ್ತಿಸಿದ್ದು ಹೇಳಿದಳು. ಆಮೇಲೆ ಮೈದುನನ ಮೇಲೆ ಸಿಟ್ಟು ತಿರುಗಿತು.

"ಎಣ್ಣಿ ಹೊಡಿಯೋ ಪಂಪು ಕೊಡಾಕ ಎಷ್ಟು ಕುಣಸ್ತಾನ್ರೀ ಅಂವ! ತನ್ನ ಗೋವಿನಜೋಳದಾಗಿನ ಕಸಕ್ಕ ಕಸ ಸಾಯೂ ಎಣ್ಣಿ ಹೊಡದು ಮುಗಿಸಿದ ಮ್ಯಾಲೇ ನನ್ನ ಕೈಗೆ ಕೊಟ್ಟ. ಮೊದಲ ಹುಳಕ್ಕ ಹೊಡಿಯೂ ಮುಂದ, ನೀವು ಹೇಳಿದ ಮ್ಯಾಲೆ ಹೊಡಿಯೂ ಮುಂದ, ಎರಡೂ ಸರ್ತಿ ಹಂಗ ಮಾಡಿದ."

ಶಂಭುಲಿಂಗ ಎದ್ದು ನಿಂತ. "ಪಂಪು ತೊಳದಿದ್ದಿ ಹೌದಿಲ್ಲೋ ಅವ್ವಾ?"

"ತೊಳಿಯೂದು ಏನೈತ್ರಿ? ಅದೂ ಎಣ್ಣಿ, ಇದೂ ಎಣ್ಣಿ."

ಅವಳ ಕಾಲು ಆರಿದ್ದವು.

"ಪಂಪಿನ್ಯಾಗ ಉಳಿದ ಕಸದ ಎಣ್ಣಿ ಗಿಡಕ್ಕ ಬಡದೈತಿ. ಇನ್ನ ಏನೂ ಹೊಡಿಬ್ಯಾಡ," ಎಂದರು ಗುರುಗಳು. "ಹದಕ್ಕ ನೀರು ಬಿಡು. ಚಿಗುರಿದಷ್ಟು ಚಿಗುರತಾವು. ಎಲ್ಲಾ ಬರತಾವು ಅಂತ ನಾ ಹೇಳೂದಿಲ್ಲ."

ಅವಳು ತಲೆಯಾಡಿಸಿ, ಗಿಡವನ್ನು ಅಲ್ಲೇ ಬಿಟ್ಟು ಹೋದಳು.

ಶಂಭುಲಿಂಗ ಫೋನನ್ನು ಗುರುಗಳ ಪಾದದ ಬಳಿ ಇಟ್ಟ. "ಸಾಕಾಗೈತ್ರಿ ಅಜ್ಜಾರ. ಇದನ್ನ ಹೊಳಿಗೆ ಒಗದು ಬಿಡ್ತೀನಿ."

"ಹೊಳಿ ದಾಟಿ ಬರಾಕ ಆಗದವರು ಯಾರನ್ನ ಕೇಳಬೇಕು?"

ಶಂಭುಲಿಂಗ ಫಕೀರವ್ವ ಬಿಟ್ಟು ಹೋದ ಗಿಡವನ್ನು ಎತ್ತಿಕೊಂಡ. "ಫೋಟೋ ನಾ ಸರಿಯಾಗೇ ನೋಡಿದ್ದೆ," ಎಂದ.

"ಸರಿಯಾಗೇ ನೋಡಿದ್ದಿ."

"ಮತ್ತ ತಪ್ಪಿದ್ದೆಲ್ಲಿ?"

ಗುರುಗಳು ಫೋನು ಎತ್ತಿ, ಧೂಳು ಒರೆಸಿ, ಅವನ ಕೈಗೆ ಕೊಟ್ಟರು.

ಟಣ್ ಎಂದಿತು. ಯಾರೋ ರೈತ ಹತ್ತಿಯ ಎಲೆಯೊಂದರ ಫೋಟೋ ಕಳಿಸಿದ್ದ. ಎಲೆಯ ಅಂಚು ಕೆಂಪಾಗಿತ್ತು. ಶಂಭುಲಿಂಗನಿಗೆ ಉತ್ತರ ಗೊತ್ತಿತ್ತು. ರೂಢಿಯಂತೆ ಹೆಬ್ಬೆರಳು ತಾನಾಗಿಯೇ ಒತ್ತಲು ಹೊರಟಿತು.

ಗುರುಗಳು ಅವನ ಮಣಿಕಟ್ಟು ಹಿಡಿದರು.

"ಅವನ ಕಾಲಿನ ನೀರು ಆರಿತೇನು?"