ಬಲೆಯ ಕೆಳಗಿನ ದ್ರಾಕ್ಷಿ

ಡೋಣಿ ನದಿಯ ದಂಡೆಯ ಮೇಲೆ ಚನ್ನಮಲ್ಲಜ್ಜನ ಮಠ. ಮಠದ ಹಿಂದೆ ದ್ರಾಕ್ಷಿ ತೋಟ. ಅರ್ಧ ತೋಟವನ್ನು ನೋಡಿಕೊಳ್ಳುವವನು ಹಿರಿಯ ಶಿಷ್ಯ ಗೊಲ್ಲಾಳಪ್ಪ, ಇನ್ನರ್ಧವನ್ನು ಕಿರಿಯ ರಾಚಯ್ಯ.

ವರ್ಷದ ಮೊದಲ ಗೊನೆಯನ್ನು ಗುರುವಿನ ಕೈಗಿಡುವ ಭಾಗ್ಯ ಹದಿನಾಲ್ಕು ವರ್ಷ ಗೊಲ್ಲಾಳಪ್ಪನದೇ ಆಗಿತ್ತು. ಹೋದ ವರ್ಷ ರಾಚಯ್ಯನ ಗೊನೆ ಮೊದಲು ಹಣ್ಣಾಯಿತು. ಅಜ್ಜ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, "ಸಿಹಿ ಅದ" ಎಂದರು.

ಹದಿನಾಲ್ಕು ವರ್ಷದಲ್ಲಿ ಗೊಲ್ಲಾಳಪ್ಪನಿಗೆ ಆ ಒಂದು ಮಾತು ಸಿಕ್ಕಿರಲಿಲ್ಲ. ಅಂದಿನಿಂದ ಅವನಿಗೆ ಉಂಡ ರೊಟ್ಟಿ ಮೈಗೆ ಹತ್ತಲಿಲ್ಲ.

ಈ ಸಲ ಶಿವರಾತ್ರಿ ಕಳೆದು ಆಲಿಕಲ್ಲು ಬೀಳುವ ದಿನಗಳು ಬಂದವು. ಕಲ್ಲು ತಡೆಯಲು ಮಠದಲ್ಲಿದ್ದದ್ದು ಒಂದೇ ಬಲೆ, ಅರ್ಧ ತೋಟಕ್ಕೆ ಸಾಲುವಷ್ಟು. ಅಜ್ಜ ಅದನ್ನು ರಾಚಯ್ಯನ ಸಾಲುಗಳ ಮೇಲೆ ಕಟ್ಟಿಸಿದರು.

ಗೊಲ್ಲಾಳಪ್ಪ ನೆಟ್ಟಗೆ ಅಜ್ಜನ ಮುಂದೆ ಹೋಗಿ ನಿಂತ.

"ಅಜ್ಜಾರ, ಬಲೆ ಅವನಿಗ್ಯಾಕ ಕೊಟ್ರಿ?"

"ನಿನಗ ಬೇಕೇನು?"

"ಹಿರಿಯ ನಾನ್ರಿ."

"ಬೇಕೇನು ಅಂತ ಕೇಳಿದೆ."

"ಬೇಕ್ರಿ."

"ಹಂಗಾದ್ರ ತಗೋ."

ರಾಚಯ್ಯ ತಾನೇ ಬಲೆ ಬಿಚ್ಚಿದ, ತಾನೇ ಹೊತ್ತು ತಂದ, ಕಂಬಕ್ಕೆ ಕಟ್ಟಲೂ ಕೈಹಚ್ಚಿದ. ಮುಖದಲ್ಲಿ ಎಳ್ಳಷ್ಟೂ ಬೇಸರವಿಲ್ಲ. ಗೊಲ್ಲಾಳಪ್ಪನಿಗೆ ಅದೇ ಇನ್ನಷ್ಟು ಉರಿ.

"ಅಣ್ಣಾರ, ಕಲ್ಲು ಬಿದ್ದಂಗ ಬಿದ್ದಂಗ ಕೆಳಗಿನಿಂದ ಬಿದಿರ ಗಳಾ ಹಾಕಿ ತಟ್ಟಿ ಉರುಳಸ್ರಿ. ಬಲೆ ಮ್ಯಾಲೆ ಕಲ್ಲು ನಿಂತ್ರ ಭಾರ ಆಗತದ."

"ನೀ ಹುಟ್ಟೂಕಿಂತ ಮೊದಲ ನಾ ಬಲೆ ಕಟ್ಟೀನಿ" ಎಂದ ಗೊಲ್ಲಾಳಪ್ಪ. ಅದೇನೂ ನಿಜವಲ್ಲ, ಆದರೂ ಹೇಳಿ ಸಮಾಧಾನ ಪಟ್ಟುಕೊಂಡ.

ಕೊಯ್ಲಿಗೆ ಇನ್ನು ಎಂಟೇ ದಿನವಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಪಡುವಣದಲ್ಲಿ ಮೋಡ ಕಪ್ಪಿಟ್ಟಿತು. ಗೊಲ್ಲಾಳಪ್ಪ ಗಳ ಹಿಡಿದು ಬಲೆಯ ಕೆಳಗೆ ನಿಂತ. ರಾಚಯ್ಯ ಗೋಣಿಚೀಲಗಳನ್ನು ಬಾಚಿಕೊಂಡು ತನ್ನ ಸಾಲಿಗೆ ಓಡಿದ.

ಕಲ್ಲು ಬೀಳತೊಡಗಿತು. ರಾಚಯ್ಯನ ಗೊನೆಗಳು ಒಂದೊಂದೇ ಉದುರಿದವು. ಒಂದೊಂದು ಉದುರಿದಾಗಲೂ ಗೊಲ್ಲಾಳಪ್ಪನ ಹೊಟ್ಟೆ ತಣ್ಣಗಾಯಿತು. ವರ್ಷದಿಂದ ಕಾಣದ ಸುಖ ಅದು. ಎವೆ ಮುಚ್ಚದೆ ನೋಡಿದ.

ತಲೆಯ ಮೇಲೆ ಏನೋ ಲಟಲಟ ಅಂದಿತು. ಅವನು ಹೊರಗೆ ಜಿಗಿಯುವುದಕ್ಕೂ ಕಂಬ, ಬಲೆ, ಬಳ್ಳಿ ಎಲ್ಲ ಒಟ್ಟಿಗೆ ನೆಲಕ್ಕೆ ಬೀಳುವುದಕ್ಕೂ ಸರಿಹೋಯಿತು. ಬಲೆಯ ತುಂಬ ಕಲ್ಲು ಗುಡ್ಡೆಯಾಗಿತ್ತು. ಒಂದು ಗೊನೆಯೂ ಉಳಿಯಲಿಲ್ಲ.

ಮಳೆ ನಿಂತ ಮೇಲೆ ಅಜ್ಜ ತೋಟಕ್ಕೆ ಬಂದರು. ಗೊಲ್ಲಾಳಪ್ಪ ಕೆಸರಿನಲ್ಲೇ ಕೂತಿದ್ದ.

"ಅಜ್ಜಾರ, ಬಲೆ ಇದ್ದದ್ದು ನನಗ. ಆದ್ರೂ ನಂದ ಪೂರಾ ಹೋತಲ್ರಿ. ಯಾಕ?"

"ಕಲ್ಲು ಬೀಳುವಾಗ ಎಲ್ಲಿದ್ದಿ?"

"ಬಲೆ ಕೆಳಗ ಇದ್ದೆನ್ರಿ. ಕೈಯಾಗ ಗಳಾನೂ ಇತ್ತು."

"ರಾಚಯ್ಯಂದು ಏನೇನು ಹೋತು?"

ಗೊಲ್ಲಾಳಪ್ಪ ತಡವರಿಸಲಿಲ್ಲ. "ನಡುವಿನ ಸಾಲು ಮೊದಲು ಹೋತ್ರಿ. ಆಮ್ಯಾಲೆ ಬಾವಿ ಕಡೀದು. ಗೋಣಿಚೀಲ ಹೊಚ್ಚಿದ ನಾಕು ಬಳ್ಳಿ ಅಷ್ಟ ಉಳದಾವು."

"ನಿಂದು ಯಾವ ಕಂಬ ಮೊದಲು ವಾಲಿತು?"

ಗೊಲ್ಲಾಳಪ್ಪ ಬಿದ್ದ ಕಂಬಗಳ ಕಡೆ ತಿರುಗಿದ. ಅವನಿಗೆ ಗೊತ್ತಿರಲಿಲ್ಲ.

ಅಜ್ಜ ಬಗ್ಗಿ ಅವನ ಹೆಗಲಿನ ಮೇಲೆ ಕೈಯಿಟ್ಟರು.

"ನೀ ಇದ್ದದ್ದು ಅವನ ಸಾಲಿನಾಗ, ಗೊಲ್ಲಾಳ. ಅಲ್ಲಿ ಬಲೆ ಇರಲಿಲ್ಲ."